ಅಲ್ ಸದ್ದ್‌ನ ಅಂಗಳದಲ್ಲಿ ಒಂದು ನೀಲಗಿರಿ

ಅಮ್ಮ ದೋಹಾಕ್ಕೆ ಬಂದದ್ದು ಒಂದೇ ಸಲ, 2013ರ ಜನವರಿಯಲ್ಲಿ. ಬಂದ ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಅಂಗಳಕ್ಕಿಳಿದವರು, ಮೂಲೆಯಲ್ಲಿದ್ದ ಮರದ ಒಂದು ಎಲೆಯನ್ನು ಕಿತ್ತು, ಅಂಗೈಯಲ್ಲಿ ಉಜ್ಜಿ, ಮೂಗಿನ ಬಳಿ ಹಿಡಿದರು. "ಅಯ್ಯೋ, ಇದನ್ನ ಇಲ್ಲಿಗೂ ಹೊತ್ಕೊಂಡು ಬಂದ್ಯೇನಪ್ಪಾ?" ಎಂದರು. ನಾನು ಅದನ್ನು ಮೆಚ್ಚುಗೆಯೆಂದು ಭಾವಿಸಿ ನಕ್ಕೆ. ಅದು ಮೆಚ್ಚುಗೆಯಾಗಿರಲಿಲ್ಲವೆಂಬುದು ಅರಿವಾಗಲು ಇನ್ನೂ ಕೆಲವು ವರ್ಷಗಳು ಬೇಕಾದವು.

ಅರಬ್ಬಿಯಲ್ಲಿ 'ಸದ್ದ್' ಎಂದರೆ ಅಣೆಕಟ್ಟು, ತಡೆಗೋಡೆ. ಆದರೆ ಇಲ್ಲಿಗೆ ಬರುವ ಕನ್ನಡಿಗರೆಲ್ಲ ಮೊದಲ ವಾರದಲ್ಲಿಯೇ ಮಾಡುವ ತಮಾಷೆಯೊಂದಿದೆ: ಹೆಸರಿಗೆ ತಕ್ಕ ಹಾಗೆ ಸದ್ದೇ ಸದ್ದು! ಸಿ ರಿಂಗ್ ರಸ್ತೆಯ ವಾಹನಗಳು, ತಡರಾತ್ರಿಯವರೆಗೆ ತೆರೆದಿರುವ ಅಂಗಡಿಗಳು, ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ಪಂದ್ಯವಿದ್ದ ರಾತ್ರಿ ಏಳುವ ಕೂಗು. ಎತ್ತರದ ಕಟ್ಟಡಗಳ ನಡುವೆ ಹಳೆಯ ಕಾಲದ ಕೆಲವು ವಿಲ್ಲಾಗಳು ಇನ್ನೂ ಉಳಿದಿವೆ. ಅಂಥದೊಂದರಲ್ಲಿ ನಾವು ಬಾಡಿಗೆಗಿದ್ದೇವೆ. ಅಂಗಳವಿದೆ ಎಂಬ ಒಂದೇ ಕಾರಣಕ್ಕೆ ಹೊಸ ಫ್ಲ್ಯಾಟುಗಳನ್ನು ಬಿಟ್ಟು ಈ ಮನೆಯನ್ನು ಹಿಡಿದೆವು. ಅಂಗಳದ ನೈಋತ್ಯ ಮೂಲೆಯಲ್ಲಿ, 2009ರ ನವೆಂಬರ್‌ನಲ್ಲಿ ನಾನು ನೆಟ್ಟ ನೀಲಗಿರಿ ಮರ ನಿಂತಿದೆ.

ಏಕೆ ನೀಲಗಿರಿ ಎಂದು ಕೇಳಿದವರಿಗೆ ನನ್ನ ಉತ್ತರ ಒಂದೇ ಆಗಿತ್ತು: ವಾಸನೆ. ನಾನು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನವನು. ರಜೆಯಲ್ಲಿ ಹಾಸ್ಟೆಲಿನಿಂದ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಮೊದಲು ಬರುತ್ತಿದ್ದುದು ಈ ಮರದ ವಾಸನೆ. ಊರು ಕಣ್ಣಿಗೆ ಬೀಳುತ್ತಿದ್ದುದು ಆಮೇಲೆ. ಮಳೆ ನಿಂತ ಸಂಜೆಯಂತೂ ಅದು ಗಾಳಿಯಲ್ಲಿ ತುಂಬಿಕೊಂಡಿರುತ್ತಿತ್ತು. ಪರದೇಶದಲ್ಲಿ ಮೂಗು ನೆನಪಿಟ್ಟುಕೊಳ್ಳುವಷ್ಟನ್ನು ಕಣ್ಣು ನೆನಪಿಟ್ಟುಕೊಳ್ಳುವುದಿಲ್ಲ.

ಸುಗಂಧಕ್ಕಾಗಿ ನೆಡುವವರು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. 'ನೀಲಗಿರಿ' ಎಂದು ನಾವು ಕರೆಯುವುದು ಒಂದು ಮರವಲ್ಲ, ಆಸ್ಟ್ರೇಲಿಯಾ ಮೂಲದ ನೂರಾರು ಪ್ರಭೇದಗಳ ದೊಡ್ಡ ಕುಟುಂಬ. ಊಟಿಯಿಂದ ಬಾಟಲಿಯಲ್ಲಿ ಬರುವ ಎಣ್ಣೆ ಯೂಕಲಿಪ್ಟಸ್ ಗ್ಲೋಬ್ಯುಲಸ್ ಎಂಬ, ತಂಪು ಬೆಟ್ಟಗಳನ್ನು ಬಯಸುವ ಜಾತಿಯದು. ಅದನ್ನು ತಂದು ದೋಹಾದಲ್ಲಿ ನೆಟ್ಟರೆ ಜೂನ್ ತಿಂಗಳನ್ನು ಕಾಣುವುದು ಕಷ್ಟ. ನಿಂಬೆಯ ಪರಿಮಳದ ಸಿಟ್ರಿಯೊಡೋರಾ ಎಲ್ಲಕ್ಕಿಂತ ಮನೋಹರ. ಸಸ್ಯವಿಜ್ಞಾನಿಗಳು 1995ರಲ್ಲಿ ಅದನ್ನು ಯೂಕಲಿಪ್ಟಸ್ ಕುಲದಿಂದ ಬೇರ್ಪಡಿಸಿ ಕೊರಿಂಬಿಯಾ ಎಂಬ ಕುಲಕ್ಕೆ ಸೇರಿಸಿದರು. ಕೊಲ್ಲಿ ನಾಡಿನ ಉಪ್ಪು ಮತ್ತು ಸೆಖೆಗಳನ್ನು ಹೆಚ್ಚು ತಾಳುವುದು ಕಮಾಲ್ಡುಲೆನ್ಸಿಸ್. ಈ ಭಾಗದಲ್ಲಿ ತೋಟಗಳ ಅಂಚಿಗೆ ಗಾಳಿತಡೆಯಾಗಿ ಬೆಳೆಸುವುದೂ ಅದನ್ನೇ. ಅದರ ಹೆಸರಿನ ಕಥೆ ನನಗೆ ಬಹಳ ಇಷ್ಟ. ಆಸ್ಟ್ರೇಲಿಯಾದ ನದೀತೀರದ ಈ ಮರವನ್ನು ವಿಜ್ಞಾನ ಲೋಕ ಹೆಸರಿಸಿದ್ದು ಇಟಲಿಯ ನೇಪಲ್ಸ್ ಬಳಿಯ ಕಮಾಲ್ಡೊಲಿ ಎಂಬಲ್ಲಿನ ಖಾಸಗಿ ತೋಟದಲ್ಲಿ ಬೆಳೆದಿದ್ದ ಮರವೊಂದನ್ನು ನೋಡಿ, 1832ರಲ್ಲಿ. ಹುಟ್ಟಿದ್ದು ಒಂದು ದೇಶ, ಗುರುತಿನ ಚೀಟಿ ಸಿಕ್ಕಿದ್ದು ಇನ್ನೊಂದು ದೇಶದಲ್ಲಿ. ನಮ್ಮಂಥವರಿಗೆ ಇದು ಅಪರಿಚಿತ ಕಥೆಯಲ್ಲ.

ನನ್ನ ಮೊದಲ ಸಸಿ ಸತ್ತಿತು. ತಪ್ಪು ನನ್ನದೇ. ಉತ್ಸಾಹದಲ್ಲಿ ಏಪ್ರಿಲ್‌ನಲ್ಲಿ ನೆಟ್ಟೆ, ಆಳೆತ್ತರದ ದೊಡ್ಡ ಸಸಿಯನ್ನೇ ಕೊಂಡಿದ್ದೆ. ಒಣಗಿದ ಮೇಲೆ ಕಿತ್ತು ನೋಡಿದರೆ ಬೇರುಗಳೆಲ್ಲ ಕುಂಡದೊಳಗೆ ಸುತ್ತಿದ್ದ ಆಕಾರದಲ್ಲಿಯೇ, ಹಗ್ಗದ ಸಿಂಬಿಯಂತೆ ಉಳಿದಿದ್ದವು. ನೀಲಗಿರಿಯ ವಿಷಯದಲ್ಲಿ ದೊಡ್ಡ ಸಸಿ ಲಾಭವಲ್ಲ. ಮೊಣಕಾಲೆತ್ತರದ, ಕುಂಡದಲ್ಲಿ ಬೇರು ಸುತ್ತಿಕೊಳ್ಳದ ಎಳೆಯ ಸಸಿ ಎರಡು ವರ್ಷಗಳಲ್ಲಿ ಅದನ್ನು ಹಿಂದಿಕ್ಕುತ್ತದೆ. ಇಲ್ಲಿ ನೆಡುವ ಕಾಲ ಅಕ್ಟೋಬರ್ ಕೊನೆಯಿಂದ ನವೆಂಬರ್. ಮುಂದಿನ ಬೇಸಿಗೆಯೊಳಗೆ ಬೇರು ಇಳಿಯಲು ಆರು ತಿಂಗಳಾದರೂ ಸಿಗಬೇಕು. ನನ್ನ ಎರಡನೆಯ ಸಸಿಗೆ ಅಷ್ಟು ಕಾಲ ಸಿಕ್ಕಿತು. ಅದರ ಮೊದಲ ಬೇಸಿಗೆಯೇ 2010ರದು. ಆ ಜುಲೈನಲ್ಲಿ ದೋಹಾದ ಉಷ್ಣಾಂಶ 50.4 ಡಿಗ್ರಿ ಮುಟ್ಟಿತ್ತು. ಎಲೆಗಳ ಅಂಚು ಸುಟ್ಟವು, ಕುಡಿ ಬದುಕಿತು.

ಗುಂಡಿ ತೋಡಿದ್ದು ಒಂದು ಪ್ರತ್ಯೇಕ ಸಾಹಸ. ಕತಾರಿನ ನೆಲದಲ್ಲಿ ಒಂದೆರಡು ಅಡಿ ಇಳಿದರೆ ಸುಣ್ಣಕಲ್ಲು ಸಿಗುತ್ತದೆ. ಹಾರೆಯ ಕೆಲಸಕ್ಕೆ ಬಂದ ಬಾಂಗ್ಲಾದೇಶದ ಭಾಯ್ ಎರಡು ಸಂಜೆ ಬಡಿದ ಮೇಲೆ, ಮೂರಡಿ ಅಗಲದ, ಅಷ್ಟೇ ಆಳದ ಕುಳಿಯಾಯಿತು. ಅವನು ಹೇಳಿದ ಮಾತೊಂದನ್ನು ನಾನು ಇಂದಿಗೂ ಪಾಲಿಸುತ್ತೇನೆ: ಕುಳಿಗೆ ಮೊದಲು ಬರೀ ನೀರು ತುಂಬಿಸಿ ಬಿಡು, ರಾತ್ರಿ ಕಳೆದರೂ ಇಂಗದಿದ್ದರೆ ಅಲ್ಲಿ ಮರ ನೆಡಬೇಡ. ನಮ್ಮ ಕುಳಿಯ ನೀರು ಇಂಗಿತು. ಹೊರಗಿನಿಂದ ತಂದ ಉಪ್ಪಿಲ್ಲದ ಮರಳು, ಸ್ವಲ್ಪ ಕಾಂಪೋಸ್ಟ್, ಅಗೆದ ಮಣ್ಣು ಇವನ್ನು ಬೆರೆಸಿ ತುಂಬಿದೆವು. ಸುಣ್ಣದ ನೆಲದಲ್ಲಿ ಈ ಮರಕ್ಕೆ ಕಬ್ಬಿಣದ ಅಂಶ ದಕ್ಕುವುದಿಲ್ಲ. ನರಗಳು ಹಸಿರಾಗಿಯೇ ಉಳಿದು ನಡುವಿನ ಎಲೆ ಹಳದಿಯಾಗುತ್ತದೆ. ವೈದ್ಯನಾದ್ದರಿಂದ ಅದನ್ನು ನಾನು ರಕ್ತಹೀನತೆ ಎಂದೇ ಕರೆಯುತ್ತೇನೆ. ಚಿಕಿತ್ಸೆಯೂ ಕಬ್ಬಿಣವೇ, ಕೀಲೇಟ್ ರೂಪದ್ದು, ನೀರಿನೊಡನೆ ಬುಡಕ್ಕೆ.

ಎಲ್ಲಿ ನೆಡಬೇಕೆಂಬುದು ಇನ್ನೂ ಮುಖ್ಯ. ನೀರಿನ ಸಂಪು, ಚರಂಡಿ ಕೊಳವೆ, ಕಾಂಪೌಂಡ್ ಗೋಡೆ ಇವುಗಳಿಂದ ಎಂಟು ಹತ್ತು ಮೀಟರ್ ದೂರವಿರಲಿ. ಬಾಯಾರಿದ ಬೇರು ಕೊಳವೆಯ ಸಣ್ಣ ಸೀಳನ್ನೂ ಹುಡುಕಿಕೊಂಡು ಹೋಗುತ್ತದೆ. ಕಾರು ನಿಲ್ಲಿಸುವ ಜಾಗದ ಮೇಲೆ, ಮಕ್ಕಳು ಆಡುವಲ್ಲಿ ಖಂಡಿತ ಬೇಡ. ಬೇಸಿಗೆಯ ಗಾಳಿಯಿಲ್ಲದ ಮಧ್ಯಾಹ್ನ ಸಹ ದೊಡ್ಡ ಕೊಂಬೆಯನ್ನು ಇದ್ದಕ್ಕಿದ್ದಂತೆ ಕಳಚಿ ಬೀಳಿಸುವ ದುರಭ್ಯಾಸ ಕಮಾಲ್ಡುಲೆನ್ಸಿಸ್‌ಗೆ ಇದೆ. ಆದ್ದರಿಂದ ನಮ್ಮ ಮರವನ್ನು ನಾನು ಎತ್ತರಕ್ಕೆ ಬಿಡಲಿಲ್ಲ. ಪ್ರತಿ ಜನವರಿಯಲ್ಲಿ ಕೊಂಬೆಗಳನ್ನು ಸವರಿ ನಾಲ್ಕು ಮೀಟರಿನ ಆಸುಪಾಸಿನಲ್ಲಿ ಇಡುತ್ತೇನೆ. ಸವರಿದಷ್ಟೂ ಎಳೆಯ ಚಿಗುರು ಬರುತ್ತದೆ, ಕೈಗೆಟುಕುವಲ್ಲಿ ಪರಿಮಳವಿರುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಪಾರದರ್ಶಕ ಚುಕ್ಕೆಗಳು ಕಾಣಿಸುತ್ತವೆ. ಅವೇ ಎಣ್ಣೆಯ ಗ್ರಂಥಿಗಳು. ನೆರಳನ್ನು ಮಾತ್ರ ನಿರೀಕ್ಷಿಸಬೇಡಿ. ಎಲೆಗಳು ನೆಲದತ್ತ ನೇತುಬಿದ್ದು ನಡುಹಗಲಿನ ಸೂರ್ಯನಿಗೆ ತಮ್ಮ ಅಂಚನ್ನಷ್ಟೇ ತೋರಿಸುತ್ತವೆ. ತನ್ನನ್ನು ಕಾಪಾಡಿಕೊಳ್ಳುವ ಜಾಣ್ಮೆ ಅದು, ಅಡಿಯಲ್ಲಿ ಕುಳಿತವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ನೆರಳು ಬೇಕಾದವರು ಈ ನೆಲದ್ದೇ ಆದ, ಕತಾರ್ ಫೌಂಡೇಶನ್ನಿನ ಲಾಂಛನವೂ ಆಗಿರುವ ಸಿದ್ರ್ ಮರವನ್ನು ನೆಡುವುದು ಒಳಿತು. ನಮ್ಮ ಬೋರೆ ಹಣ್ಣಿನ ಮರದ ದಾಯಾದಿ ಅದು.

ಎಣ್ಣೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಊರಿಂದ ಬರುವ ಬಂಧುಗಳು ಮೊಮ್ಮಕ್ಕಳ ನೆಗಡಿಗೆಂದು ಸೂಟ್‌ಕೇಸಿನಲ್ಲಿ ನೀಲಗಿರಿ ಎಣ್ಣೆ ತರುತ್ತಾರೆ. ಹಸುಗೂಸುಗಳ ಮೂಗಿಗೆ, ಮುಖಕ್ಕೆ ಅದನ್ನು ಸವರಬೇಡಿ. ಕೆಲವೇ ಮಿಲಿಲೀಟರ್ ಹೊಟ್ಟೆಗೆ ಹೋದರೂ ಮಗು ಮಂಪರಿಗೆ ಜಾರಬಹುದು, ಫಿಟ್ಸ್ ಬರಬಹುದು. ದೊಡ್ಡವರಲ್ಲಿಯೂ ಇಂಥ ಎಣ್ಣೆಗಳ ಬಳಕೆಯ ನಂತರ ಫಿಟ್ಸ್ ಕಾಣಿಸಿಕೊಂಡ ಪ್ರಕರಣಗಳನ್ನು ಬೆಂಗಳೂರಿನ ನರರೋಗ ತಜ್ಞರು ವರದಿ ಮಾಡಿದ್ದಾರೆ. ಅಂಗಳದ ಮರದ ಎಲೆ ಮೂಸುವುದಕ್ಕೆ ಮಾತ್ರ, ಔಷಧಿಗಲ್ಲ.

ಇನ್ನು ನೀರು. ದೋಹಾದಲ್ಲಿ ವರ್ಷಕ್ಕೆ ಬೀಳುವ ಮಳೆ 75 ಮಿಲಿಮೀಟರಿನಷ್ಟು. ಕೋಲಾರದಲ್ಲಿ ಬೀಳುವುದು ಅದರ ಸುಮಾರು ಹತ್ತು ಪಟ್ಟು. ಇಲ್ಲಿನ ಅಂತರ್ಜಲ ಬಹುಪಾಲು ಉಪ್ಪು. ನಲ್ಲಿಯಲ್ಲಿ ಬರುವ ಪ್ರತಿ ಹನಿಯೂ ಸಮುದ್ರದ ನೀರನ್ನು ಯಂತ್ರಗಳಲ್ಲಿ ಸಿಹಿಗೊಳಿಸಿದ್ದು. ನಮ್ಮಂಥ ಪರದೇಶಿಗಳು ಅದಕ್ಕೆ ತಿಂಗಳು ತಿಂಗಳು ಹಣ ತೆರುತ್ತೇವೆ. ಎಳೆಯ ಸಸಿಗೆ ದಿನ ಬಿಟ್ಟು ದಿನ, ಬೇರೂರಿದ ಮೇಲೆ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಅರವತ್ತು ಲೀಟರಿನಂತೆ, ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ: ಇದು ನನ್ನ ಪದ್ಧತಿ. ದಿನವೂ ಚಿಮುಕಿಸುವುದಕ್ಕಿಂತ ಅಪರೂಪಕ್ಕೆ ಆಳವಾಗಿ ನೆನೆಸುವುದು ಮೇಲು. ಬೇರು ಕೆಳಗಿಳಿಯುತ್ತದೆ, ಮೇಲ್ಮಣ್ಣಿನಲ್ಲಿ ಕೂತ ಉಪ್ಪೂ ತೊಳೆದುಹೋಗುತ್ತದೆ. ಬಟ್ಟೆ ಒಗೆದ ನೀರನ್ನು ಹಾಕಬೇಡಿ. ಸೋಪಿನ ಸೋಡಿಯಂ ಇಲ್ಲಿನ ಮಣ್ಣಿಗೆ ಮತ್ತಷ್ಟು ಹೊರೆ. ನಗರದ ರಸ್ತೆಬದಿಯ ಗಿಡಮರಗಳಿಗೆ ಹಾಯಿಸುವುದು ಸಂಸ್ಕರಿಸಿದ ಕೊಳಚೆ ನೀರು. ಆ ನೀರಿನ ತಂತಿ ನಮ್ಮೂರಿನವರೆಗೂ ಹೋಗುತ್ತದೆಂದು ನಾನಾಗ ಎಣಿಸಿರಲಿಲ್ಲ.

ಒಂದು ಸಂಜೆ ಬಿಲ್ಲನ್ನು ನೋಡುತ್ತ ಮರದ ಪಾಲೆಷ್ಟೆಂದು ಲೆಕ್ಕ ಹಾಕುತ್ತಿದ್ದೆ. ಆಗಲೇ ಅಮ್ಮನ ಮಾತು ಹೊಸದಾಗಿ ಕೇಳಿಸಿದ್ದು. ಇಲ್ಲಿ ಈ ಮರ ಕುಡಿಯುವುದಕ್ಕೆ ನನ್ನ ಬಳಿ ಬಿಲ್ಲಿದೆ. ಊರಿನ ನಮ್ಮ ಮೂರು ಎಕರೆ ನೀಲಗಿರಿ ಕುಡಿದ ನೀರಿಗೆ ಬಿಲ್ಲು ಯಾರಿಗೆ ಹೋಯಿತು?

ಅಪ್ಪ ಶಾಲಾ ಮೇಷ್ಟರು. 1984ರಲ್ಲಿ ಅವರಿಗೆ ಬೇರೆ ತಾಲ್ಲೂಕಿಗೆ ವರ್ಗವಾದಾಗ ರಾಗಿ ಬೆಳೆಯುತ್ತಿದ್ದ ಖುಷ್ಕಿ ಜಮೀನನ್ನು ನೋಡಿಕೊಳ್ಳುವವರಿರಲಿಲ್ಲ. ಸಾಮಾಜಿಕ ಅರಣ್ಯ ಯೋಜನೆಯ ಕಾಲ ಅದು. ಸಸಿಗಳು ಅಗ್ಗವಾಗಿ ದೊರೆಯುತ್ತಿದ್ದವು, ಬೆಂಗಳೂರಿನ ಕಟ್ಟಡಗಳಿಗೆ ಸೆಂಟ್ರಿಂಗ್ ಕಂಬ ಬೇಕಿತ್ತು, ಕಾರ್ಖಾನೆಗಳಿಗೆ ತಿರುಳಿನ ಮರ ಬೇಕಿತ್ತು. ನೆಟ್ಟು ಮೊದಲ ವರ್ಷ ಕಾದರೆ ಸಾಕು; ದನ ಮೇಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ, ಕಡಿದರೆ ಬುಡದಿಂದಲೇ ಮತ್ತೆ ಚಿಗುರುತ್ತದೆ. ನಮ್ಮ ಸೀಮೆಗೆ ಈ ಮರ ಹೊಸದೇನೂ ಅಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದಲ್ಲಿ ಮೊದಲು ನೆಟ್ಟರೆಂದು ಹೇಳುತ್ತಾರೆ. ಅಲ್ಲಿಂದ ಹರಡಿದ ತಳಿಗೆ 'ಮೈಸೂರು ಗಮ್' ಎಂಬ ಹೆಸರೇ ಬಿದ್ದಿದೆ. ಆದರೆ ಬೆಟ್ಟದ ತೋಟದಲ್ಲಿ ಕೆಲವು ಮರಗಳಿರುವುದು ಬೇರೆ, ರಾಗಿ ಹೊಲಗಳೆಲ್ಲ ನೀಲಗಿರಿಯಾಗುವುದು ಬೇರೆ. 1983ರಲ್ಲಿಯೇ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತಿದ್ದರು. 1987ರ ನವೆಂಬರ್‌ನಲ್ಲಿ ಧಾರವಾಡ ಸೀಮೆಯ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಅಲ್ಲಿ ನೀಲಗಿರಿ ಕಿತ್ತು ಜನರಿಗೆ ಉಪಯೋಗವಾಗುವ ಗಿಡ ನೆಟ್ಟರು. ಆ ವರ್ಷ ನಾನು ಎಂಬಿಬಿಎಸ್‌ಗೆ ಸೇರಿದ್ದೆ. ಪತ್ರಿಕೆಯಲ್ಲಿ ಓದಿ ಮರೆತೆ.

ನಮ್ಮ ಮರಗಳ ಮೊದಲ ಕಟಾವು 1991ರಲ್ಲಿ. ನನ್ನ ಹಾಸ್ಟೆಲಿನ ಬಾಕಿ, ಪುಸ್ತಕಗಳು, ಅಕ್ಕನ ಮದುವೆಯ ಅರ್ಧ ಖರ್ಚು ಅದರಿಂದ ಹುಟ್ಟಿತು. ಎರಡನೆಯ ಕಟಾವು 1997ರಲ್ಲಿ, ಎಂಡಿ ಮುಗಿಯುವ ವರ್ಷ. ನನ್ನ ಹೆಸರಿನ ಮುಂದಿರುವ ಅಕ್ಷರಗಳಲ್ಲಿ ಕೆಲವಾದರೂ ಆ ಮರಗಳವು. ಇದನ್ನು ಮರೆಮಾಚಿ ನೀಲಗಿರಿಯನ್ನು ಬೈಯುವುದು ನನಗೆ ಸಾಧ್ಯವಿಲ್ಲ.

ಪಕ್ಕದ ಹೊಲ ಒಬ್ಬ ಮಾವನದು. ರಕ್ತಸಂಬಂಧವಲ್ಲ, ಊರ ಸಂಬಂಧ. ನಮ್ಮ ಬದುವಿನುದ್ದಕ್ಕೂ ಅವರ ರಾಗಿ ಪೈರು ಐದಾರು ಮಾರಿನಷ್ಟು ಅಗಲಕ್ಕೆ ಗಿಡ್ಡವಾಗಿ, ಬಿಳಿಚಿಕೊಂಡು ನಿಲ್ಲುತ್ತಿತ್ತು. ಅವರ ತೆರೆದ ಬಾವಿ ತೊಂಬತ್ತರ ದಶಕದ ಮಧ್ಯದಲ್ಲಿ ಬತ್ತಿತು. ಆ ಬಾವಿಯ ಸಾವಿಗೆ ನೀಲಗಿರಿಯೊಂದೇ ಕಾರಣವೆಂದು ನಾನು ಬರೆಯಲಾರೆ. ಮಳೆ ಕೈಕೊಟ್ಟಿತ್ತು, ಸುತ್ತ ಕೊಳವೆಬಾವಿಗಳು ಏಳುತ್ತಿದ್ದವು, ಕೆರೆಗಳಲ್ಲಿ ಹೂಳು ತುಂಬಿತ್ತು. ಆದರೆ ಅದೇ ದಶಕದಲ್ಲಿ ನಮ್ಮ ಪಕ್ಕದ ಹೊಸಕೋಟೆಯಲ್ಲಿ ನಡೆದ ವೈಜ್ಞಾನಿಕ ಅಧ್ಯಯನವೊಂದು, ಆಳವಾದ ಮಣ್ಣಿನಲ್ಲಿ ನೀಲಗಿರಿ ಬೀಳುವ ಮಳೆಗಿಂತ ಹೆಚ್ಚು ನೀರನ್ನು ಬಳಸುತ್ತಿತ್ತೆಂದು, ವರ್ಷಗಳಿಂದ ಮಣ್ಣಿನಾಳದಲ್ಲಿ ಉಳಿದಿದ್ದ ತೇವವನ್ನು ಬೇರುಗಳು ಹೀರುತ್ತಿದ್ದವೆಂದು ತೋರಿಸಿತು. ಮಣ್ಣು ತೆಳುವಾಗಿರುವ ಬೇರೆಡೆ ಅದರ ನೀರಿನ ಬಳಕೆ ನಮ್ಮ ಕುರುಚಲು ಕಾಡಿಗಿಂತ ಹೆಚ್ಚೇನೂ ಇರಲಿಲ್ಲವೆಂಬುದೂ ಅದೇ ಸಂಶೋಧನೆಗಳ ಮಾತು. ಹಾಗಾಗಿ ಮರ ಕೆಟ್ಟದ್ದೇ, ಒಳ್ಳೆಯದೇ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ನೆಲ, ಎಷ್ಟು ಮರ, ಪಕ್ಕದಲ್ಲಿ ಯಾರ ಬಾವಿ ಎಂದು ಕೇಳಬೇಕು. ನಾವು ಕೇಳಲಿಲ್ಲ. ಕೇಳಲು ಊರಿನಲ್ಲಿರಲಿಲ್ಲ.

ವಿದೇಶಕ್ಕೆ ಹೊರಡುವ ತಯಾರಿಯಲ್ಲಿರುವವರಿಗೆ ನಾನು ಹೇಳಬೇಕಾದದ್ದು ಇದನ್ನೇ. ಶುಕ್ರವಾರ ಬಂತೆಂದರೆ ಊರ ಕಡೆಯ ಹುಡುಗರು ಫೋನ್ ಮಾಡುತ್ತಾರೆ. ಪರವಾನಗಿ ಪರೀಕ್ಷೆ, ಸಂಬಳ, ಮನೆಬಾಡಿಗೆಗಳ ಮಾತೆಲ್ಲ ಮುಗಿದ ಮೇಲೆ ನಾನು ಕೇಳುವ ಪ್ರಶ್ನೆ: ಜಮೀನಿಗೆ ಏನು ಮಾಡುತ್ತೀಯಪ್ಪಾ? "ನೀಲಗಿರಿ ಇದೆಯಲ್ಲ ಸರ್, ಅದೇ ಬೆಳೆದುಕೊಳ್ಳುತ್ತೆ" ಎಂಬ ಉತ್ತರ ಈಗಲೂ ಬರುತ್ತದೆ. ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದೆ. ಆದರೆ ಹಳೆಯ ಬುಡಗಳು ಹಾಗೆಯೇ ಇವೆ. ಐದಾರು ವರ್ಷಕ್ಕೊಮ್ಮೆ ವ್ಯಾಪಾರಿ ಬಂದು ಕಡಿದುಕೊಂಡು ಹೋಗುತ್ತಾನೆ, ಹಣ ಬ್ಯಾಂಕಿಗೆ ಬೀಳುತ್ತದೆ. ಊರು ಬಿಟ್ಟವರಿಗೆಂದೇ ಹೇಳಿ ಮಾಡಿಸಿದ ಬೆಳೆ ಇದು. ಊರಲ್ಲಿ ಉಳಿದವರ ಬಾವಿಯಿಂದ ಅದು ಬೆಳೆಯುತ್ತದೆ.

ಕಳೆದ ವರ್ಷದ ರಜೆಯಲ್ಲಿ ಊರಿಗೆ ಹೋದಾಗ ಮಾವನ ಜಗಲಿಯಲ್ಲಿ ಕುಳಿತು ಈ ವಿಷಯವೆತ್ತಿದೆ. ಎಂಬತ್ತು ದಾಟಿದ ಅವರು ಎಲೆಯಡಿಕೆ ಜಗಿಯುತ್ತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮಪ್ಪ ಕೆಟ್ಟೋರಲ್ಲ, ಕಾಲ ಹಂಗಿತ್ತು. ಆದ್ರೆ ಬೇರು ಬದು ನೋಡಲ್ಲ ಡಾಕ್ಟ್ರಪ್ಪ" ಎಂದರು. ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಮನೆಯ ಯಾರಲ್ಲಿಯೂ ಅವರು ಈ ಮಾತನ್ನು ಆಡಿರಲಿಲ್ಲವಂತೆ. ಆಡಬೇಕಾದವರೇ ಊರಿನಲ್ಲಿರಲಿಲ್ಲ.

ಬೆಂಗಳೂರಿನಲ್ಲಿರುವ ತಮ್ಮನಿಗೆ ಬುಡ ಕೀಳಿಸುವ ಯೋಚನೆ ಮೊದಲು ಹಿಡಿಸಲಿಲ್ಲ. ಬರುವ ಹಣವನ್ನು ನಿಲ್ಲಿಸಿ, ಜೆಸಿಬಿಗೆ ಕೈಯಿಂದ ಹಣ ಕೊಡುವುದೇಕೆ ಎಂಬುದು ಅವನ ವಾದ. ಅವನಿಗೂ ಮಕ್ಕಳ ಶುಲ್ಕವಿದೆ. ನಾನು ರಿಯಾಲ್‌ನಲ್ಲಿ ಯೋಚಿಸುತ್ತೇನೆ, ಅವನು ರೂಪಾಯಿಯಲ್ಲಿ. ಕೊನೆಗೆ ಕಿತ್ತ ಖರ್ಚು ನನ್ನದು, ಮಾರಿದ ಮರದ ಹಣ ಅವನದು ಎಂದು ತೀರ್ಮಾನವಾಯಿತು. ಯಂತ್ರ ಆರು ದಿನ ಕೆಲಸ ಮಾಡಿತು. ನಲವತ್ತು ವರ್ಷದ ಬುಡವೊಂದು ಮೇಲೆ ಬಂದಾಗ ಅದರ ತಾಯಿಬೇರು ಯಂತ್ರದ ಬಕೆಟ್ಟಿಗೂ ಸಿಗದ ಆಳಕ್ಕೆ ಇಳಿದಿತ್ತು. ಅಲ್ಲಿಯೇ ಕತ್ತರಿಸಿ ಮುಚ್ಚಿದೆವು. ಬದುವಿನಲ್ಲಿ ಹೊಂಗೆ, ಹುಣಸೆ ಇಟ್ಟಿದ್ದೇವೆ. ಹೊಲವನ್ನು ಮಾವನ ಮಗನಿಗೆ ವಾರಕ್ಕೆ ಕೊಟ್ಟಿದ್ದೇವೆ. ಮೊದಲ ಬೆಳೆ ಹುರುಳಿ. ರಾಗಿಗೆ ಮಣ್ಣು ಇನ್ನೂ ಸಿದ್ಧವಿಲ್ಲವೆಂದು ಅವನ ಅಭಿಪ್ರಾಯ.

ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಆ ನೀರಿನ ಗುಣದ ಬಗ್ಗೆ ವೈದ್ಯನಾಗಿ ನನಗೆ ಪೂರ್ಣ ನೆಮ್ಮದಿಯಿಲ್ಲ, ಮೂರನೆಯ ಹಂತವೂ ಬೇಕೆಂದು ಕೇಳುವವರ ಪಕ್ಷ ನಾನು. ಆದರೂ ದೋಹಾದ ರಸ್ತೆಬದಿಯ ಹುಲ್ಲಿಗೂ ನಮ್ಮ ಸೀಮೆಯ ಕೆರೆಗಳಿಗೂ ಈಗ ಒಂದೇ ಜಾತಿಯ ನೀರು ಎಂಬುದು ನೆನಪಾದಾಗ, ಮರಳುಗಾಡು ಯಾವ ಕಡೆಯಿಂದ ಯಾವ ಕಡೆಗೆ ಪಯಣಿಸುತ್ತಿದೆ ಎಂಬ ಗೊಂದಲವಾಗುತ್ತದೆ.

ಅಲ್ ಸದ್ದ್‌ನ ಮರವನ್ನೂ ಕಡಿಯುತ್ತೀರಾ ಎಂದು ಮಗಳು ಕೇಳಿದಳು. ಇಲ್ಲ. ಇಲ್ಲಿ ಅದು ಒಂಟಿ. ಅದರ ಬೇರಿನ ಹತ್ತಿರ ಯಾರ ಬಾವಿಯೂ ಇಲ್ಲ, ನಲ್ಲಿ ತಿರುಗಿಸುವ ಕೈ ನನ್ನದು, ಬಿಲ್ಲು ನನ್ನ ಹೆಸರಿಗೆ ಬರುತ್ತದೆ. ನಾವು ಮನೆ ಬಿಡುವ ದಿನ ಅದಕ್ಕೆ ನೀರುಣಿಸುವವರು ಸಿಗದಿದ್ದರೆ ಕಡಿಸಿಯೇ ಹೋಗುವೆನೆಂದು ಮಾಲೀಕರಿಗೆ ಹೇಳಿಟ್ಟಿದ್ದೇನೆ, ಅವರು ಸಮ್ಮತಿಸಿದ್ದಾರೆ.

ಮೊನ್ನೆ ಶುಕ್ರವಾರ ಏಣಿ ಹಾಕಿಕೊಂಡು ಈ ವರ್ಷದ ಕೊಂಬೆ ಸವರುತ್ತಿದ್ದಾಗ ಮಾವನ ಮಗ ವಾಟ್ಸ್ಆ್ಯಪ್‌ನಲ್ಲಿ ಒಂದು ಚಿತ್ರ ಕಳುಹಿಸಿದ. ಹುರುಳಿ ಸಾಲಿನ ನಡುವೆ, ನೆಲದೊಳಗೆ ಉಳಿದಿದ್ದ ಯಾವುದೋ ಬುಡದ ತುಂಡಿನಿಂದ ಮೊಳಕೈಯುದ್ದದ ನೀಲಗಿರಿ ಚಿಗುರು ಎದ್ದಿದೆ. ಜೊತೆಗೆ ಧ್ವನಿಸಂದೇಶ: "ಅಪ್ಪ ದಿನಾ ಬೆಳಿಗ್ಗೆ ಕೋಲೂರಿಕೊಂಡು ಬಂದು ಮುರೀತಾ ಅವ್ರೆ ಅಣ್ಣ. ಮುರಿದ ಎಲೇನ ಜೇಬಲ್ಲಿ ಹಾಕ್ಕೊಂಡು ಮನೆಗೆ ತರ್ತಾರೆ, ವಾಸ್ನೆ ಚೆನ್ನಾಗೈತಂತೆ."